‘ಶೂಸ್’ (1916): ಒಂದು ಜೊತೆ ಬೂಟಿನ ಮೂಕಿ ಚಿತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

‘ಈ ಸಿನಿಮಾ ನೋಡಿ’ ಅಂತ ಯಾರಿಗಾದರೂ ಹೇಳಿದರೆ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆಗಳು ಇವು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಥೆಯನ್ನು ಕೊನೆಯವರೆಗೂ ಹೇಳಿದ್ದೇನೆ. ಏನೂ ಗೊತ್ತಿಲ್ಲದೆ ನೋಡಬೇಕು ಅನ್ನುವವರು ಮೊದಲು ನೋಡಿ ಬನ್ನಿ. ಒಂದು ಗಂಟೆಯ ಕೆಲಸ, ಅಷ್ಟೇ.

‘ಶೂಸ್’ ಅಂದರೆ ಯಾವ ಸಿನಿಮಾ?

1916ರ ಜೂನ್‌ನಲ್ಲಿ ಬಂದ ಅಮೆರಿಕದ ಮೂಕಿ ಚಿತ್ರ. ನಿರ್ದೇಶಕಿ ಲೋಯಿಸ್ ವೆಬರ್, ಚಿತ್ರಕಥೆಯೂ ಅವರದ್ದೇ. ಯೂನಿವರ್ಸಲ್ ಕಂಪನಿ ಇದನ್ನು ಬ್ಲೂಬರ್ಡ್ ಫೋಟೋಪ್ಲೇಸ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. ಐದು ರೀಲು. ಹೊಸ ಬೂಟು ಕೊಳ್ಳಲು ದುಡ್ಡಿಲ್ಲದ ಒಬ್ಬ ಅಂಗಡಿ ಹುಡುಗಿಯ ಕಥೆ.

ಬರೀ ಬೂಟಿನ ಮೇಲೆ ಒಂದು ಇಡೀ ಸಿನಿಮಾನಾ?

ಹೌದು. ಅದೇ ಇದರ ತಾಕತ್ತು. ದೊಡ್ಡ ಘಟನೆ ಯಾವುದೂ ಇಲ್ಲ. ಕೊಲೆ ಇಲ್ಲ, ಅಪಹರಣ ಇಲ್ಲ, ಕೋರ್ಟು ಇಲ್ಲ. ಬೂಟಿನ ಅಟ್ಟೆ ದಿನೇ ದಿನೇ ಸವೆಯುತ್ತದೆ. ಅದರ ಜೊತೆ ಹುಡುಗಿಯೂ ಸವೆಯುತ್ತಾಳೆ. ನಾವು ಅದನ್ನು ನೋಡುತ್ತಾ ಕೂರುತ್ತೇವೆ.

ಕಥೆ ಏನು?

ಈವಾ ಮೇಯರ್ ಒಂದು ‘ಐದು-ಹತ್ತು ಸೆಂಟಿನ’ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಂಥ ಅಂಗಡಿಯಲ್ಲಿ ಎಲ್ಲಾ ಸಾಮಾನೂ ಅಗ್ಗ. ಕೆಲಸದ ಹುಡುಗಿಯರ ಸಂಬಳವೂ ಅಗ್ಗವೇ. ಈವಾಗೆ ವಾರಕ್ಕೆ ಸಿಗುವುದು 5 ಡಾಲರ್. ಮನೆಯಲ್ಲಿ ಅಮ್ಮ, ಮೂವರು ತಂಗಿಯರು, ಮತ್ತೆ ಅಪ್ಪ. ಅಪ್ಪನಿಗೆ ಕೆಲಸ ಇಲ್ಲ. ಹುಡುಕುವ ಮನಸ್ಸೂ ಇದ್ದಂತಿಲ್ಲ. ಹಾಸಿಗೆಯಲ್ಲಿ ಒರಗಿಕೊಂಡು ಅಗ್ಗದ ಕಾದಂಬರಿ ಓದುವುದೇ ಅವನ ದಿನಚರಿ.

ಸಂಬಳದ ದಿನ ಈವಾ ಮನೆಗೆ ಬಂದು ದುಡ್ಡನ್ನು ಅಮ್ಮನ ಕೈಗೆ ಕೊಡುತ್ತಾಳೆ. ‘ಈ ಸಲ ನಿನಗೆ ಬೂಟು’ ಅಂತ ಅಮ್ಮ ಮಾತು ಕೊಟ್ಟಿರುತ್ತಾಳೆ. ಆದರೆ ಬಾಡಿಗೆ ಇದೆ, ದಿನಸಿ ಅಂಗಡಿಯ ಬಾಕಿ ಇದೆ. ಬೂಟು ಮುಂದಿನ ವಾರಕ್ಕೆ ಹೋಗುತ್ತದೆ. ಮುಂದಿನ ವಾರವೂ ಹಾಗೇ ಆಗುತ್ತದೆ. ಅಷ್ಟರಲ್ಲಿ ಅಟ್ಟೆ ತೂತಾಗಿದೆ. ಈವಾ ರಟ್ಟು ಕತ್ತರಿಸಿ ಬೂಟಿನೊಳಗೆ ಇಟ್ಟುಕೊಳ್ಳುತ್ತಾಳೆ. ಮಳೆ ಬಂದರೆ ರಟ್ಟು ನೆಂದು ಮುದ್ದೆಯಾಗುತ್ತದೆ. ಇಡೀ ದಿನ ಕೌಂಟರಿನ ಹಿಂದೆ ನಿಂತೇ ಇರಬೇಕಾದ ಹುಡುಗಿ ಅವಳು.

ಅವಳ ಜೊತೆ ಕೆಲಸ ಮಾಡುವ ಲಿಲ್‌ಗೆ ಚಾರ್ಲಿ ಎಂಬ ಕ್ಯಾಬರೆ ಹಾಡುಗಾರನ ಪರಿಚಯ ಇದೆ. ಅವನ ಕಣ್ಣು ಈವಾ ಮೇಲೂ ಬಿದ್ದಿದೆ. ಈವಾ ತುಂಬಾ ದಿನ ಅವನತ್ತ ತಿರುಗಿಯೂ ನೋಡುವುದಿಲ್ಲ.

ಕೊನೆಗೆ ಏನಾಗುತ್ತದೆ?

ಒಂದು ದಿನ ಅವಳು ಸೋಲುತ್ತಾಳೆ. ರಾತ್ರಿ ಚಾರ್ಲಿ ಇರುವಲ್ಲಿಗೆ ಹೋಗುತ್ತಾಳೆ. ಮರುದಿನ ಹೊಸ ಬೂಟು ಹಾಕಿಕೊಂಡು ಮನೆಗೆ ಬರುತ್ತಾಳೆ. ಅಮ್ಮನಿಗೆ ಅರ್ಥವಾಗುತ್ತದೆ. ಈವಾ ಅಮ್ಮನನ್ನು ತಬ್ಬಿಕೊಂಡು ಅಳುತ್ತಾಳೆ. ಅಷ್ಟು ಹೊತ್ತಿಗೆ ಅಪ್ಪ ಸುದ್ದಿ ತರುತ್ತಾನೆ: ಅವನಿಗೆ ಕೆಲಸ ಸಿಕ್ಕಿದೆ.

ಒಂದೇ ಒಂದು ದಿನ ತಡ. ಇದು ಮೆಲೊಡ್ರಾಮಾದ ಹಳೇ ಪಟ್ಟು ಅನ್ನುವವರಿದ್ದಾರೆ. ನಿಜವೇ. ಆದರೆ ವೆಬರ್ ಇದನ್ನು ಎಳೆಯುವುದಿಲ್ಲ. ಹುಡುಗಿ ಸಾಯುವುದಿಲ್ಲ, ಮನೆ ಬಿಟ್ಟು ಓಡುವುದಿಲ್ಲ, ಯಾರೂ ಅವಳನ್ನು ಹೊರಗೆ ಹಾಕುವುದಿಲ್ಲ. ಆ ಕಾಲದ ಸಿನಿಮಾಗಳಲ್ಲಿ ಹೀಗೆ ‘ಜಾರಿದ’ ಹುಡುಗಿಗೆ ಶಿಕ್ಷೆ ಗ್ಯಾರಂಟಿ ಇತ್ತು. ಇಲ್ಲಿ ಅವಳು ನಾಳೆಯೂ ಅದೇ ಮನೆಯಲ್ಲಿ ಎದ್ದು ಕೂರಬೇಕು. ನನ್ನ ಮಟ್ಟಿಗೆ ಅದು ಶಿಕ್ಷೆಗಿಂತ ಕಷ್ಟದ ಕೊನೆ.

ಇದು ನಿಜವಾಗಿ ನಡೆದದ್ದಾ?

ಬೇರು ನಿಜವಾದದ್ದೇ. ಶಿಕಾಗೋದಲ್ಲಿ ಜೇನ್ ಆಡಮ್ಸ್ ಎಂಬ ಸಮಾಜ ಸೇವಕಿ ಇದ್ದರು. 1889ರಲ್ಲಿ ಅಲ್ಲಿ ಹಲ್ ಹೌಸ್ ಎಂಬ ಸಂಸ್ಥೆಯನ್ನು ಶುರು ಮಾಡಿದವರಲ್ಲಿ ಒಬ್ಬರು. 1931ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ವೇಶ್ಯಾವೃತ್ತಿಯ ಬಗ್ಗೆ ಅವರು 1912ರಲ್ಲಿ ಒಂದು ಪುಸ್ತಕ ಬರೆದರು. ಅದರಲ್ಲಿ ಒಬ್ಬ ಕೆಲಸದ ಹುಡುಗಿಯ ವಿಷಯ ಬರುತ್ತದೆ. ಅವಳ ಬೂಟು ಮೂರನೇ ಸಲ ಅಟ್ಟೆ ಹಾಕಿಸಲೂ ಆಗದಷ್ಟು ಸವೆದಿತ್ತು. ಹೊಸದಕ್ಕೆ ಅವಳ ಹತ್ತಿರ ಕೂಡಿದ್ದು 90 ಸೆಂಟ್ ಮಾತ್ರ. ಆಗ ಅವಳು ಕೈಚೆಲ್ಲಿದಳು. ‘ಒಂದು ಜೊತೆ ಬೂಟಿಗೆ ನನ್ನನ್ನು ಮಾರಿಕೊಂಡೆ’ ಎಂಬರ್ಥದ ಮಾತನ್ನು ಆ ಹುಡುಗಿಯೇ ತನ್ನ ಬಗ್ಗೆ ತಾತ್ಸಾರದಿಂದ ಹೇಳಿಕೊಂಡಳಂತೆ.

ಈ ಕೆಲವು ಸಾಲುಗಳನ್ನು ಇಟ್ಟುಕೊಂಡು ಸ್ಟೆಲ್ಲಾ ವಿನ್ ಹೆರನ್ ಎಂಬ ಲೇಖಕಿ ಸಣ್ಣ ಕಥೆ ಬರೆದರು. ಅದು 1916ರ ಜನವರಿಯಲ್ಲಿ ಕೊಲಿಯರ್ಸ್ ಪತ್ರಿಕೆಯಲ್ಲಿ ಬಂತು. ಅದೇ ವರ್ಷದ ಜೂನ್‌ಗೆ ಸಿನಿಮಾ! ಚಿತ್ರದ ಆರಂಭದಲ್ಲೇ ವೆಬರ್ ಆಡಮ್ಸ್ ಅವರ ಪುಸ್ತಕವನ್ನು ತೋರಿಸುತ್ತಾರೆ. ‘ಇದು ನಾನು ಹೊಸೆದ ಕಥೆ ಅಂದುಕೊಳ್ಳಬೇಡಿ’ ಅಂತ ಮೊದಲೇ ಹೇಳಿಬಿಡುವ ರೀತಿ ಅದು.

ವಾರಕ್ಕೆ 5 ಡಾಲರ್ ಅಂದರೆ ಆಗ ಎಷ್ಟು?

ಇವತ್ತಿನ ರೂಪಾಯಿಗೆ ಲೆಕ್ಕ ಹಾಕಿದರೆ ಏನೂ ತಿಳಿಯುವುದಿಲ್ಲ. ಆ ಕಾಲದ್ದನ್ನೇ ಆ ಕಾಲದ್ದಕ್ಕೆ ಹೋಲಿಸೋಣ. 1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ತನ್ನ ಕಾರು ಕಾರ್ಖಾನೆಯ ಕೆಲಸಗಾರರಿಗೆ ದಿನಕ್ಕೆ 5 ಡಾಲರ್ ಕೊಡುವುದಾಗಿ ಘೋಷಿಸಿದ. ಅದಕ್ಕೆ ಷರತ್ತುಗಳಿದ್ದವು, ಅದು ಬೇರೆ ಮಾತು. ಆದರೂ ಅಲ್ಲಿ ಒಬ್ಬ ಗಂಡಸಿಗೆ ಒಂದು ದಿನಕ್ಕೆ ಸಿಗಬಹುದಾಗಿದ್ದು ಈವಾಗೆ ಇಡೀ ವಾರಕ್ಕೆ.

ಇನ್ನೊಂದು ಕಡೆ ನೋಡಿ. ಇಂಥ ಐದು-ಹತ್ತು ಸೆಂಟಿನ ಅಂಗಡಿಗಳ ಸರಪಳಿ ಕಟ್ಟಿ ದೊಡ್ಡವನಾದವನು ಎಫ್. ಡಬ್ಲ್ಯೂ. ವುಲ್‌ವರ್ತ್. ಅವನು ನ್ಯೂಯಾರ್ಕ್‌ನಲ್ಲಿ ಕಟ್ಟಿಸಿದ ವುಲ್‌ವರ್ತ್ ಕಟ್ಟಡ 1913ರಲ್ಲಿ ತೆರೆದಾಗ ಪ್ರಪಂಚದಲ್ಲೇ ಅತಿ ಎತ್ತರದ್ದು. ಐದೈದು, ಹತ್ಹತ್ತು ಸೆಂಟಿನ ವ್ಯಾಪಾರದಿಂದ ಎದ್ದ ಕಟ್ಟಡ. ಸಿನಿಮಾ ಅದನ್ನೆಲ್ಲ ಹೇಳುವುದಿಲ್ಲ. ಆದರೆ 1916ರಲ್ಲಿ ಟಿಕೆಟ್ ತೆಗೆದುಕೊಂಡು ಕೂತವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ.

ಸಂಬಳ ಕಡಿಮೆ ಆದರೆ ಹುಡುಗಿಯರು ದಾರಿ ತಪ್ಪುತ್ತಾರೆ ಅನ್ನುವುದು ಆಗಿನ ಚರ್ಚೆಯಾ?

ದೊಡ್ಡ ಚರ್ಚೆ. 1913ರಲ್ಲಿ ಇಲಿನಾಯ್ ರಾಜ್ಯದ ಸೆನೆಟ್ ಸಮಿತಿಯೊಂದು ಶಿಕಾಗೋದ ದೊಡ್ಡ ದೊಡ್ಡ ಮಳಿಗೆಗಳ ಮಾಲೀಕರನ್ನು ಕರೆಸಿ ವಿಚಾರಣೆ ನಡೆಸಿತು. ಹುಡುಗಿಯರಿಗೆ ಎಷ್ಟು ಕೊಡುತ್ತೀರಿ, ಅಷ್ಟರಲ್ಲಿ ಬದುಕಲು ಆಗುತ್ತದಾ ಅಂತ ಕೇಳಿತು. ಹೆಣ್ಣುಮಕ್ಕಳ ಕನಿಷ್ಠ ಕೂಲಿಗೆ ಅಮೆರಿಕದಲ್ಲಿ ಮೊದಲು ಕಾನೂನು ಮಾಡಿದ್ದು ಮ್ಯಾಸಚೂಸೆಟ್ಸ್, 1912ರಲ್ಲಿ. ಮುಂದಿನ ವರ್ಷ ಕ್ಯಾಲಿಫೋರ್ನಿಯಾ ಸೇರಿ ಇನ್ನಷ್ಟು ರಾಜ್ಯಗಳು ಮಾಡಿದವು. ಆಮೇಲೆ 1923ರಲ್ಲಿ ಸುಪ್ರೀಂ ಕೋರ್ಟು ಅಂಥ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂದಿತು. 1937ರಲ್ಲಿ ಅದೇ ಕೋರ್ಟು ತನ್ನ ಮಾತನ್ನು ಬದಲಿಸಿತು.

ಅಂದರೆ ಈವಾ ಕಥೆ ಬಂದದ್ದು ಸರಿಯಾಗಿ ಈ ಜಗ್ಗಾಟದ ನಡುವೆ.

ಇಂಥ ವಿಷಯದ ಮೇಲೆ ಆಗ ಬೇರೆ ಸಿನಿಮಾಗಳು ಇರಲಿಲ್ಲವಾ?

ಇದ್ದವು, ಮತ್ತು ದುಡ್ಡನ್ನೂ ಚೆನ್ನಾಗಿ ಮಾಡಿದವು. 1913ರಲ್ಲಿ ಯೂನಿವರ್ಸಲ್‌ನಿಂದಲೇ ‘ಟ್ರಾಫಿಕ್ ಇನ್ ಸೋಲ್ಸ್’ ಬಂದಿತ್ತು. ಹುಡುಗಿಯರನ್ನು ಮೋಸದಿಂದ ಹಿಡಿದು ವೇಶ್ಯಾಗೃಹಕ್ಕೆ ತಳ್ಳುವ ಜಾಲದ ಕಥೆ. ಜನ ಮುಗಿಬಿದ್ದು ನೋಡಿದರು. ಅದರ ಹಿಂದೆಯೇ ಅಂಥವೇ ಇನ್ನಷ್ಟು ಬಂದವು.

ಆ ಸಿನಿಮಾಗಳಲ್ಲಿ ಪ್ರೇಕ್ಷಕರಿಗೆ ಒಂದು ಸಮಾಧಾನ ಇತ್ತು. ತಪ್ಪು ಮಾಡುವವನು ಒಬ್ಬ ದುಷ್ಟ. ಪೊಲೀಸರು ಬರುತ್ತಾರೆ, ಅವನನ್ನು ಹಿಡಿಯುತ್ತಾರೆ, ನಾವು ನೆಮ್ಮದಿಯಿಂದ ಮನೆಗೆ ಹೋಗುತ್ತೇವೆ. ‘ಶೂಸ್’ನಲ್ಲಿ ಪೊಲೀಸರು ಹಿಡಿಯಲು ಯಾರಿದ್ದಾರೆ? ಚಾರ್ಲಿ ಪೋಕರಿ, ನಿಜ. ಆದರೆ ಅವನು ಯಾರನ್ನೂ ಕಟ್ಟಿ ಎಳೆದುಕೊಂಡು ಹೋಗಲಿಲ್ಲ. ಈ ಚಿತ್ರದ ಖಳನಾಯಕ ಅಂದರೆ ಮನೆಯ ಲೆಕ್ಕ. ಬಂದದ್ದು ಇಷ್ಟು, ಹೋಗಬೇಕಾದ್ದು ಇಷ್ಟು, ಉಳಿದದ್ದು ಸೊನ್ನೆ. ಆ ಸೊನ್ನೆಯನ್ನು ವಾರ ವಾರವೂ ತೋರಿಸುವ ಧೈರ್ಯ ಆಗಿನ ಬೇರೆ ಚಿತ್ರಗಳಲ್ಲಿ ನಾನು ಜಾಸ್ತಿ ಕಂಡಿಲ್ಲ.

ಲೋಯಿಸ್ ವೆಬರ್ ಯಾರು?

ಹುಟ್ಟಿದ್ದು 1879ರಲ್ಲಿ, ಪೆನ್ಸಿಲ್ವೇನಿಯಾದ ಅಲಿಗೇನಿಯಲ್ಲಿ. ಆ ಊರು ಈಗ ಪಿಟ್ಸ್‌ಬರ್ಗ್‌ನೊಳಗೆ ಸೇರಿಹೋಗಿದೆ. ಚೆನ್ನಾಗಿ ಪಿಯಾನೋ ನುಡಿಸುತ್ತಿದ್ದರು. ಚಿಕ್ಕ ವಯಸ್ಸಿನಲ್ಲಿ ಚರ್ಚಿನ ಸೇವಾ ತಂಡದ ಜೊತೆ ಬಡವರ ಕೇರಿಗಳಲ್ಲಿ ಕೆಲಸ ಮಾಡಿದರು. ಆಮೇಲೆ ನಾಟಕ, ಅಲ್ಲೇ ಪರಿಚಯವಾದ ಫಿಲಿಪ್ಸ್ ಸ್ಮಾಲಿ ಜೊತೆ ಮದುವೆ, ಆಮೇಲೆ ಸಿನಿಮಾ. ಶುರುವಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಒಟ್ಟಿಗೆ ಬರುತ್ತಿತ್ತು. ಬರೆಯುವುದು, ನಿರ್ದೇಶಿಸುವುದು, ಕೆಲವು ಸಲ ನಟಿಸುವುದು ಎಲ್ಲವೂ ವೆಬರ್ ಮಾಡುತ್ತಿದ್ದರು.

1914ರ ‘ದಿ ಮರ್ಚೆಂಟ್ ಆಫ್ ವೆನಿಸ್’ ಮೂಲಕ ಪೂರ್ಣ ಪ್ರಮಾಣದ ಚಿತ್ರ ನಿರ್ದೇಶಿಸಿದ ಮೊದಲ ಅಮೆರಿಕನ್ ಮಹಿಳೆ ಎಂಬ ಹೆಸರು ಅವರಿಗೆ ಬಂತು. 1916ರ ಹೊತ್ತಿಗೆ ಅವರು ಯೂನಿವರ್ಸಲ್‌ನ ದೊಡ್ಡ ಹೆಸರು. ಅದೇ ವರ್ಷ ಚಲನಚಿತ್ರ ನಿರ್ದೇಶಕರ ಸಂಘ ಅವರನ್ನು ಸದಸ್ಯೆಯಾಗಿ ತೆಗೆದುಕೊಂಡಿತು. ಆ ಸಂಘಕ್ಕೆ ಸೇರಿದ ಮೊದಲ ಹೆಂಗಸು ಅವರೇ. ಅದೇ ವರ್ಷದಲ್ಲೇ ರಷ್ಯಾದ ನರ್ತಕಿ ಆನಾ ಪಾವ್ಲೋವಾ ನಟಿಸಿದ ‘ದಿ ಡಂಬ್ ಗರ್ಲ್ ಆಫ್ ಪೊರ್ಟಿಚಿ’, ಗರ್ಭಪಾತ ಮತ್ತು ಸಂತಾನ ನಿಯಂತ್ರಣದ ಮೇಲಿನ ‘ವೇರ್ ಆರ್ ಮೈ ಚಿಲ್ಡ್ರನ್?’, ಮತ್ತೆ ‘ಶೂಸ್’. ಇವೆಲ್ಲ ಒಂದೇ ವರ್ಷದಲ್ಲಿ! ನೆನೆಸಿಕೊಂಡರೇ ಸುಸ್ತಾಗುತ್ತದೆ.

ಚರ್ಚಿನ ಸೇವಾ ತಂಡದ ದಿನಗಳನ್ನು ಅವರು ಬಿಡಲೇ ಇಲ್ಲ ಅನ್ನಬಹುದು. ಸಿನಿಮಾ ಅವರಿಗೆ ಉಪದೇಶದ ವೇದಿಕೆ. ಕೆಲವು ಚಿತ್ರಗಳಲ್ಲಿ ಆ ಉಪದೇಶ ಭಾರವಾಗಿ ಕೂರುತ್ತದೆ. ಇಲ್ಲಿ ಅದು ಕಡಿಮೆ. ಬೂಟೇ ಮಾತಾಡುವಾಗ ಅವರು ಬಾಯಿ ಹಾಕುವುದಿಲ್ಲ.

ನೂರು ವರ್ಷದ ಹಿಂದೆ ಹೆಂಗಸರು ನಿರ್ದೇಶನ ಮಾಡುವುದು ಅಷ್ಟು ಸುಲಭವಿತ್ತಾ?

ಆಮೇಲಿನ ಕಾಲಕ್ಕಿಂತ ಸುಲಭವಿತ್ತು ಅನ್ನಬೇಕು. 1910ರ ದಶಕದಲ್ಲಿ ಸಿನಿಮಾ ಇನ್ನೂ ಹೊಸ ಧಂಧೆ. ಇಂಥವರು ಇಂಥ ಕೆಲಸವನ್ನೇ ಮಾಡಬೇಕು ಅನ್ನುವ ಗೋಡೆ ಗಟ್ಟಿಯಾಗಿರಲಿಲ್ಲ. ಯೂನಿವರ್ಸಲ್‌ನಲ್ಲಿ ವೆಬರ್ ಅಲ್ಲದೆ ಇನ್ನೂ ಹಲವರು ಹೆಂಗಸರು ನಿರ್ದೇಶನ ಮಾಡುತ್ತಿದ್ದರು. 1913ರಲ್ಲಿ ಕಂಪನಿಯ ಹಳೇ ಸ್ಟುಡಿಯೋ ಊರಾದ ಯೂನಿವರ್ಸಲ್ ಸಿಟಿಯ ಜನ ವೆಬರ್ ಅವರನ್ನು ತಮ್ಮ ಮೇಯರ್ ಆಗಿ ಆರಿಸಿದ್ದರು. ಪ್ರಚಾರದ ಗಿಮಿಕ್ ಅದರಲ್ಲಿ ಇದ್ದೇ ಇತ್ತು. ಆದರೂ ಆರಿಸಿದರು ಅಲ್ವಾ?

ಸಿನಿಮಾಗೆ ದೊಡ್ಡ ದುಡ್ಡು, ಬ್ಯಾಂಕಿನ ಸಾಲ, ಚಿತ್ರಮಂದಿರಗಳ ಸರಪಳಿ ಎಲ್ಲ ಬಂದ ಮೇಲೆ ಬಾಗಿಲು ಮುಚ್ಚುತ್ತಾ ಹೋಯಿತು.

ಈವಾ ಪಾತ್ರ ಮಾಡಿದ ಹುಡುಗಿ ಯಾರು?

ಮೇರಿ ಮ್ಯಾಕ್‌ಲಾರನ್. ಮೂಲ ಹೆಸರು ಮೇರಿ ಮ್ಯಾಕ್‌ಡೊನಾಲ್ಡ್. ಆಗ ಹದಿಹರೆಯ. ದೊಡ್ಡ ಪಾತ್ರ ಇದೇ ಮೊದಲು. ಅಕ್ಕ ಕ್ಯಾಥರೀನ್ ಮ್ಯಾಕ್‌ಡೊನಾಲ್ಡ್ ಕೂಡ ಮುಂದೆ ತಾರೆಯಾದರು. ಮೇರಿ ಅವರನ್ನು 1921ರ ‘ದಿ ತ್ರೀ ಮಸ್ಕಟಿಯರ್ಸ್’ನಲ್ಲಿ ರಾಣಿಯಾಗಿ ನೋಡಬಹುದು. ಹರಕು ಬೂಟಿನ ಈವಾಳನ್ನು ನೋಡಿದ ಮೇಲೆ ಆ ರಾಣಿಯ ಪೋಷಾಕು ಒಂಥರಾ ತಮಾಷೆಯಾಗಿ ಕಾಣುತ್ತದೆ.

ಚಾರ್ಲಿ ಪಾತ್ರದಲ್ಲಿ ವಿಲಿಯಂ ವಿ. ಮಾಂಗ್, ಲಿಲ್ ಆಗಿ ಜೆಸ್ಸಿ ಆರ್ನಲ್ಡ್, ಅಪ್ಪನಾಗಿ ಹ್ಯಾರಿ ಗ್ರಿಫಿತ್ ಇದ್ದಾರೆ.

ಬ್ಲೂಬರ್ಡ್ ಅಂದರೆ ಬೇರೆ ಕಂಪನಿಯಾ?

ಅಲ್ಲ, ಯೂನಿವರ್ಸಲ್‌ನದೇ ಒಂದು ಬ್ರ್ಯಾಂಡ್. ಕಂಪನಿಯ ಮುಖ್ಯಸ್ಥ ಕಾರ್ಲ್ ಲೆಮ್ಲಿ 1915ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಹತ್ತಿರ ಹೊಸ ಯೂನಿವರ್ಸಲ್ ಸಿಟಿ ತೆರೆದಿದ್ದ. ಅಲ್ಲಿ ತಯಾರಾಗುವ ಚಿತ್ರಗಳಿಗೆ ದರ್ಜೆಗೆ ತಕ್ಕ ಹಾಗೆ ಬೇರೆ ಬೇರೆ ಹೆಸರು. ಬ್ಲೂಬರ್ಡ್ ಚಿತ್ರಗಳು ಜಪಾನಿನಲ್ಲಿ ವಿಪರೀತ ಜನಪ್ರಿಯವಾಗಿದ್ದವು.

ಯಾವ ದೃಶ್ಯಗಳನ್ನು ಗಮನ ಕೊಟ್ಟು ನೋಡಬೇಕು?

ಮೊದಲನೆಯದು, ರಟ್ಟು ಕತ್ತರಿಸುವ ದೃಶ್ಯ. ಈವಾ ಬೂಟನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಾಳೆ. ಅಟ್ಟೆಯ ತೂತು ನಮಗೆ ಪೂರ್ತಿ ಕಾಣುತ್ತದೆ. ಆಮೇಲೆ ಕತ್ತರಿ ತೆಗೆದುಕೊಂಡು ರಟ್ಟನ್ನು ಪಾದದ ಆಕಾರಕ್ಕೆ ಕತ್ತರಿಸುತ್ತಾಳೆ, ಬೂಟಿನೊಳಗೆ ತೂರಿಸುತ್ತಾಳೆ. ಅವಳ ಮುಖದಲ್ಲಿ ದುಃಖ ಇಲ್ಲ. ದಿನಾ ಮಾಡುವ ಕೆಲಸದ ಹಾಗೆ ಮಾಡುತ್ತಾಳೆ. ಅಲ್ಲೇ ನಮಗೆ ಚುಚ್ಚುವುದು.

ಎರಡನೆಯದು, ಅಂಗಡಿಯ ಗಾಜಿನ ಕಿಟಕಿ. ಒಳಗೆ ಹೊಸ ಬೂಟು, ಹೊರಗೆ ಅವಳು. ವೆಬರ್ ಕ್ಯಾಮರಾವನ್ನು ಮತ್ತೆ ಮತ್ತೆ ನೆಲದ ಮಟ್ಟಕ್ಕೆ ಇಳಿಸುತ್ತಾರೆ. ಬೀದಿಯಲ್ಲಿ ಹೋಗುವವರ ಕಾಲುಗಳೇ ಕಾಣುತ್ತವೆ. ಒಳ್ಳೆಯ ಬೂಟು ಹಾಕಿದ ಕಾಲು, ಕೆಸರು ಮೆತ್ತಿದ ಕಾಲು. ಸ್ವಲ್ಪ ಹೊತ್ತಾದ ಮೇಲೆ ನಾವೂ ಈವಾ ಹಾಗೆ ಜನರ ಮುಖ ಬಿಟ್ಟು ಕಾಲನ್ನೇ ನೋಡಲು ಶುರು ಮಾಡುತ್ತೇವೆ. ಈ ಬೀದಿ, ಪಾರ್ಕು ಎಲ್ಲ ಲಾಸ್ ಏಂಜಲೀಸ್‌ನ ನಿಜವಾದ ಜಾಗಗಳು. ಹಿಂದೆ ಓಡಾಡುವ ಜನರನ್ನೂ ಸ್ವಲ್ಪ ನೋಡಿ.

ಮೂರನೆಯದು, ನೋಯುವ ಕಾಲನ್ನು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂರುವ ದೃಶ್ಯ. ಇದರಲ್ಲಿ ಏನೂ ‘ಆಗುವುದಿಲ್ಲ’. ಮನೆಯೊಳಗಿನ ಇಂಥ ಸಣ್ಣಪುಟ್ಟ ಕೆಲಸಗಳಿಗೆ 1916ರಲ್ಲಿ ಇಷ್ಟು ಹೊತ್ತು ಕೊಟ್ಟದ್ದು ದೊಡ್ಡ ವಿಷಯ.

ಕೊನೆಯದು ಕನ್ನಡಿ. ಚಾರ್ಲಿ ಹತ್ತಿರ ಹೋಗುವ ಮೊದಲು ಈವಾ ಒಡೆದ ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುತ್ತಾಳೆ. ಒಡೆದ ಕನ್ನಡಿ ಅಂದರೆ ಏನರ್ಥ ಅಂತ ಎಲ್ಲರಿಗೂ ಗೊತ್ತು, ಹೊಸದೇನಲ್ಲ. ಆದರೆ ಮ್ಯಾಕ್‌ಲಾರನ್ ಅಲ್ಲಿ ನೋಡುವ ನೋಟ ನಾಟಕದ್ದಲ್ಲ. ತನ್ನ ಬೆಲೆ ಎಷ್ಟಿರಬಹುದು ಅಂತ ಅಳೆಯುವವಳ ಹಾಗೆ ನೋಡುತ್ತಾಳೆ.

ಹಾಸಿಗೆ ಮೇಲೆ ಬರುವ ಆ ದೊಡ್ಡ ಕೈ ಏನು? ನಗು ಬಂತು.

ನಗು ಬಂದರೆ ತಪ್ಪೇನಿಲ್ಲ. ಈವಾ ಮಲಗಿರುವಾಗ ಮೇಲಿನಿಂದ ಒಂದು ದೊಡ್ಡ ಕೈ ಅವಳತ್ತ ಚಾಚುತ್ತದೆ. ಅದರ ಮೇಲೆ ‘ಬಡತನ’ ಅಂತ ಬರೆದೇ ಇದೆ. ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ ಮಾಡಿದ ಟ್ರಿಕ್. ವೆಬರ್‌ಗೆ ಇಂಥ ಸಂಕೇತಗಳ ಹುಚ್ಚು ಇತ್ತು. 1915ರ ‘ಹಿಪೊಕ್ರಿಟ್ಸ್’ನಲ್ಲಿ ಸತ್ಯ ಎಂಬುದನ್ನು ಬೆತ್ತಲೆ ಹೆಣ್ಣಾಗಿ ತೋರಿಸಿ ದೊಡ್ಡ ಗಲಾಟೆಯೇ ಆಗಿತ್ತು.

ನನಗೆ ಈ ಕೈ ಬೇಕಿರಲಿಲ್ಲ ಅನಿಸುತ್ತದೆ. ರಟ್ಟಿನ ತುಂಡು ಅದನ್ನು ಆಗಲೇ ಹೇಳಿ ಮುಗಿಸಿದೆ.

ಮೂಕಿ ಚಿತ್ರ ಅಂದರೆ ಕಣ್ಣು ಅರಳಿಸಿ, ಎದೆ ಬಡಿದುಕೊಂಡು ನಟಿಸುವುದು ಅಲ್ವಾ? ಎಲ್ಲರೂ ಓಡಾಡುವುದೂ ಪಟಪಟ ಅಂತ.

ಪಟಪಟ ಓಡಾಟ ನಟರ ತಪ್ಪಲ್ಲ. ಆಗ ಕ್ಯಾಮರಾವನ್ನು ಕೈಯಲ್ಲಿ ತಿರುಗಿಸಿ ಶೂಟ್ ಮಾಡುತ್ತಿದ್ದರು. ಸೆಕೆಂಡಿಗೆ ಸುಮಾರು 16ರಿಂದ 18 ಫ್ರೇಮು. ಅದನ್ನು ಆಮೇಲೆ ಮಾತಿನ ಚಿತ್ರದ ವೇಗದಲ್ಲಿ, ಅಂದರೆ ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿದರೆ ಎಲ್ಲರೂ ಗೊಂಬೆಗಳ ಹಾಗೆ ಕುಣಿಯುತ್ತಾರೆ. ಸರಿಯಾದ ವೇಗದಲ್ಲಿ ನೋಡಿದರೆ ನಡಿಗೆ ನಡಿಗೆಯಾಗಿಯೇ ಕಾಣುತ್ತದೆ.

ನಟನೆ ವಿಷಯಕ್ಕೆ ಬಂದರೆ, ಇದರಲ್ಲಿ ಮ್ಯಾಕ್‌ಲಾರನ್ ಮಾಡುವುದು ತುಂಬಾ ಕಡಿಮೆ. ಜಾಸ್ತಿ ಹೊತ್ತು ಸುಮ್ನೆ ನಿಂತಿರುತ್ತಾರೆ, ದಣಿದಿರುತ್ತಾರೆ. ಅಪ್ಪನ ಪಾತ್ರದಲ್ಲಿ ಸ್ವಲ್ಪ ಹಳೇ ಶೈಲಿ ಇದೆ.

ಅಪ್ಪನ ಮೇಲೆ ಇಷ್ಟೆಲ್ಲಾ ತಪ್ಪು ಹೊರಿಸಿದ್ದು ಸರಿಯಾ?

ಇದು ಒಳ್ಳೆಯ ಪ್ರಶ್ನೆ. ಸಿನಿಮಾದ ದುರ್ಬಲ ಜಾಗ ಇದೇ. ಅಪ್ಪ ಸೋಮಾರಿ ಅಂತ ತೋರಿಸಿದ ಕೂಡಲೇ ನಮ್ಮ ಸಿಟ್ಟಿಗೆ ಒಂದು ಮುಖ ಸಿಕ್ಕಿಬಿಡುತ್ತದೆ. ಅವನು ಎದ್ದು ಕೆಲಸಕ್ಕೆ ಹೋಗಿದ್ದರೆ ಎಲ್ಲಾ ಸರಿಹೋಗುತ್ತಿತ್ತು ಅನಿಸುತ್ತದೆ. ಅಂಗಡಿ ಮಾಲೀಕ ತೆರೆಯ ಮೇಲೆ ಅಷ್ಟಾಗಿ ಬರುವುದೇ ಇಲ್ಲ, ತಪ್ಪಿಸಿಕೊಂಡುಬಿಡುತ್ತಾನೆ. ಸಂಘಟನೆ, ಮುಷ್ಕರ ಇಂಥ ಮಾತಂತೂ ಇಲ್ಲವೇ ಇಲ್ಲ. 1909ರಲ್ಲೇ ನ್ಯೂಯಾರ್ಕ್‌ನ ಬಟ್ಟೆ ಹೊಲಿಯುವ ಸಾವಿರಾರು ಹುಡುಗಿಯರು ಮುಷ್ಕರ ಹೂಡಿದ್ದರು. ಆ ದಾರಿ ವೆಬರ್ ಕಣ್ಣಿಗೆ ಬಿದ್ದಂತಿಲ್ಲ, ಅಥವಾ ಅವರಿಗೆ ಬೇಡವಾಗಿತ್ತು. ಅವರದ್ದು ಮಧ್ಯಮ ವರ್ಗದ ಮರುಕ. ಪ್ರಾಮಾಣಿಕವಾದ ಮರುಕ, ಆದರೆ ಮರುಕವೇ.

ಅದೇ ಹೊತ್ತಿಗೆ ಇನ್ನೊಂದು ಮಾತನ್ನೂ ಹೇಳಬೇಕು. ಆ ಮನೆಯಲ್ಲಿ ದುಡಿಯುವವಳು ಮಗಳು, ಓದುತ್ತಾ ಮಲಗುವವನು ಅಪ್ಪ, ಇಬ್ಬರ ನಡುವೆ ಸಿಕ್ಕಿ ಸಾಯುವವಳು ಅಮ್ಮ. ದುಡಿದು ಬಂದ ಮಗಳು ಬೂಟಿಲ್ಲದೆ ಇರುವಾಗ ಅಪ್ಪನಿಗೆ ಪುಸ್ತಕ ಎಲ್ಲಿಂದ ಬಂತು ಅಂತ ಕೇಳಬೇಕು ಅನಿಸುತ್ತದೆ. ದುಡ್ಡು ಕಡಿಮೆ ಇರುವ ಮನೆಯಲ್ಲೂ ಯಾರ ಆಸೆ ಮೊದಲು, ಯಾರದ್ದು ಕೊನೆಗೆ ಅನ್ನುವ ಲೆಕ್ಕ ಇರುತ್ತದೆ. ಅದನ್ನು ವೆಬರ್ ಬಿಟ್ಟಿಲ್ಲ.

ಸೆನ್ಸಾರ್ ಹೇಗೆ ಬಿಟ್ಟಿತು?

ಆಗ ದೇಶಕ್ಕೆಲ್ಲ ಒಂದೇ ಸೆನ್ಸಾರ್ ಮಂಡಳಿ ಇರಲಿಲ್ಲ. ಕೆಲವು ರಾಜ್ಯ, ಕೆಲವು ಊರುಗಳು ತಮ್ಮ ತಮ್ಮದೇ ಮಂಡಳಿ ಇಟ್ಟುಕೊಂಡಿದ್ದವು. ಸಿನಿಮಾ ಒಂದು ವ್ಯಾಪಾರ, ಅದಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಅಂತ 1915ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ಆ ಮಾತು 1952ರವರೆಗೆ ನಿಂತಿತ್ತು. ವೆಬರ್ ಅವರ ‘ವೇರ್ ಆರ್ ಮೈ ಚಿಲ್ಡ್ರನ್?’ ಅನ್ನು ಪೆನ್ಸಿಲ್ವೇನಿಯಾದ ಮಂಡಳಿ ಬಿಡಲೇ ಇಲ್ಲ.

‘ಶೂಸ್’ನಲ್ಲಿ ಕತ್ತರಿ ಹಾಕಲು ಅಂಥದ್ದೇನೂ ಸಿಗುವುದಿಲ್ಲ. ಆ ರಾತ್ರಿ ಏನಾಯಿತು ಅಂತ ತೋರಿಸುವುದೇ ಇಲ್ಲ. ಮರುದಿನದ ಬೂಟನ್ನು ತೋರಿಸುತ್ತಾರೆ, ಸಾಕು.

ಇಷ್ಟು ಹಳೇ ಸಿನಿಮಾ ಉಳಿದದ್ದು ಹೇಗೆ?

ಉಳಿದದ್ದು ಅದೃಷ್ಟ. ಆಗಿನ ಫಿಲ್ಮು ನೈಟ್ರೇಟ್. ಬೇಗ ಹೊತ್ತಿಕೊಳ್ಳುತ್ತದೆ, ಇಟ್ಟಲ್ಲೇ ಕೊಳೆಯುತ್ತದೆ. ಅದು ಸಾಲದು ಅಂತ 1948ರಲ್ಲಿ ಯೂನಿವರ್ಸಲ್ ತನ್ನ ಹತ್ತಿರ ಉಳಿದಿದ್ದ ಮೂಕಿ ಚಿತ್ರಗಳನ್ನು ತಾನೇ ನಾಶ ಮಾಡಿತು. ಮಾತಿನ ಚಿತ್ರ ಬಂದ ಮೇಲೆ ಮೂಕಿಗೆ ಬೆಲೆ ಇರಲಿಲ್ಲ, ಗೋದಾಮಿನಲ್ಲಿ ಇಟ್ಟರೆ ಬೆಂಕಿಯ ಭಯ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಒಂದು ವರದಿ ಹೊರತಂದಿತು. ಸುಮಾರು 11,000 ಅಮೆರಿಕನ್ ಮೂಕಿ ಕಥಾಚಿತ್ರಗಳಲ್ಲಿ ಬಿಡುಗಡೆಯಾದಾಗಿನ ಮೂಲ ರೂಪದಲ್ಲೇ ಪೂರ್ತಿ ಉಳಿದಿರುವುದು ಶೇ. 14 ಮಾತ್ರ ಅಂತ ಅದು ಹೇಳುತ್ತದೆ. ಶೇ. 70ರಷ್ಟು ಇಲ್ಲವೇ ಇಲ್ಲ.

‘ಶೂಸ್’ ಸಿಕ್ಕಿದ್ದು ನೆದರ್‌ಲ್ಯಾಂಡ್ಸ್‌ನಲ್ಲಿ. ಅಲ್ಲಿನ ಚಿತ್ರ ಸಂಗ್ರಹಾಲಯದಲ್ಲಿ, ಈಗಿನ ಐ ಫಿಲ್ಮ್ ಮ್ಯೂಸಿಯಂನಲ್ಲಿ, ಡಚ್ ಭಾಷೆಯ ಶೀರ್ಷಿಕೆಗಳಿದ್ದ (ಅಂದರೆ ದೃಶ್ಯಗಳ ನಡುವೆ ಬರುವ ಬರಹ) ಬಣ್ಣ ಹಾಕಿದ ನೈಟ್ರೇಟ್ ಪ್ರತಿಗಳಿದ್ದವು. ಬ್ಯಾಕ್ಟೀರಿಯಾ ಹತ್ತಿ ಚಿತ್ರದ ಮೇಲೆಲ್ಲ ಬಿಳಿ ಮಚ್ಚೆಗಳಾಗಿದ್ದವು. ಎರಡು ಪ್ರತಿಗಳನ್ನು ಹೋಲಿಸಿ, ಒಂದರಲ್ಲಿ ಇಲ್ಲದ್ದನ್ನು ಇನ್ನೊಂದರಿಂದ ತೆಗೆದುಕೊಂಡು, ಡಿಜಿಟಲ್ ಆಗಿ ಶುಚಿ ಮಾಡಿ ಜೋಡಿಸಿದರು. 2014ರಲ್ಲಿ ಇದು ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ, ಅಂದರೆ ಕಾಪಾಡಿ ಇಡಬೇಕಾದ ಮುಖ್ಯ ಚಿತ್ರಗಳ ಪಟ್ಟಿಗೆ, ಸೇರಿತು.

ಪರದೇಶಕ್ಕೆ ಹೋದ ಪ್ರತಿ ತವರಿಗೆ ವಾಪಸ್ ಬರದೆ ಉಳಿದುಕೊಂಡ ಕಥೆಗಳು ಇನ್ನೂ ಇವೆ. ಓಡಿಸಿ ಮುಗಿದ ಪ್ರತಿಯನ್ನು ಅಷ್ಟು ದೂರದಿಂದ ಹಡಗಿನಲ್ಲಿ ವಾಪಸ್ ತರಿಸುವುದು ದಂಡ ಅಂತ ಕಂಪನಿಗಳೇ ಬಿಟ್ಟುಬಿಡುತ್ತಿದ್ದವು. ಆ ಜಿಪುಣತನಕ್ಕೆ ಇವತ್ತು ನಾವು ಥ್ಯಾಂಕ್ಸ್ ಹೇಳಬೇಕು.

ಕಪ್ಪು ಬಿಳುಪು ಚಿತ್ರದಲ್ಲಿ ನೀಲಿ, ಹಳದಿ ಬಣ್ಣ ಯಾಕೆ ಬರುತ್ತದೆ?

ಅದು ಈಗ ಹಾಕಿದ್ದಲ್ಲ. ಆಗ ಪ್ರತಿಯನ್ನು ಬಣ್ಣದ ನೀರಿನಲ್ಲಿ ಅದ್ದುತ್ತಿದ್ದರು. ಸಾಮಾನ್ಯವಾಗಿ ರಾತ್ರಿಗೆ ನೀಲಿ, ದೀಪ ಉರಿಯುವ ಕೋಣೆಗೆ ಹಳದಿ. ನೋಡುವವರಿಗೆ ಹೊತ್ತು ಯಾವುದು ಅಂತ ತಿಳಿಯಲಿ ಅನ್ನುವುದು ಒಂದು ಕಾರಣ.

‘ಅನ್‌ಶಾಡ್ ಮೇಡನ್’ ಅಂತ ಒಂದು ಇದೆಯಂತೆ, ಅದೇನು?

ಹೇಳಿದರೆ ಬೇಜಾರಾಗುತ್ತದೆ. 1932ರಲ್ಲಿ ಯೂನಿವರ್ಸಲ್ ತನ್ನದೇ ಈ ಸಿನಿಮಾವನ್ನು ಹತ್ತು ನಿಮಿಷದಷ್ಟಕ್ಕೆ ಕತ್ತರಿಸಿ, ಮೇಲೆ ಗೇಲಿಯ ಮಾತು ಸೇರಿಸಿ, ಕಾಮಿಡಿ ತುಣುಕಾಗಿ ಬಿಡುಗಡೆ ಮಾಡಿತು. ಹದಿನಾರೇ ವರ್ಷದಲ್ಲಿ ಈವಾಳ ಕಣ್ಣೀರು ಜೋಕ್ ಆಗಿತ್ತು. ಅದೂ ಅಮೆರಿಕದಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡು ಬೀದಿಯಲ್ಲಿದ್ದ ವರ್ಷ. ವೆಬರ್ ಆಗ ಬದುಕಿದ್ದರು.

ವಿಚಿತ್ರ ಏನೆಂದರೆ, ಮೂಲ ಚಿತ್ರವನ್ನು ಮತ್ತೆ ಜೋಡಿಸುವಾಗ ಈ ಗೇಲಿ ತುಣುಕೂ ಉಪಯೋಗಕ್ಕೆ ಬಂತು.

ನೋಡುವಾಗ ಸಂಗೀತ ಇರುತ್ತದಾ?

ಇರುತ್ತದೆ. 1916ರಲ್ಲಿ ಚಿತ್ರಮಂದಿರದಲ್ಲೇ ಕೂತು ಪಿಯಾನೋ, ಆರ್ಗನ್ ಅಥವಾ ಸಣ್ಣ ವಾದ್ಯವೃಂದ ನುಡಿಸುತ್ತಿದ್ದರು. ಮೈಲ್‌ಸ್ಟೋನ್ ಎಂಬ ಕಂಪನಿ ಹೊರತಂದ ಡಿಸ್ಕ್‌ನಲ್ಲಿ ಡೊನಾಲ್ಡ್ ಸೋಸಿನ್ ಮತ್ತು ಮಿಮಿ ರಾಬ್‌ಸನ್ ಅವರ ಹೊಸ ಸಂಗೀತ ಇದೆ. ಸಂಗೀತವಿಲ್ಲದೆ ನೋಡುವುದು ಶುದ್ಧ ಅಂತ ಕೆಲವರು ಹೇಳುತ್ತಾರೆ. ಸುಮ್ನೆ ಹಠ ಅದು. ಮೂಕಿ ಚಿತ್ರವನ್ನು ಆಗಲೂ ಸಾಮಾನ್ಯವಾಗಿ ಹಾಗೆ ನೋಡುತ್ತಿರಲಿಲ್ಲ.

ಕಾಪಿರೈಟ್ ಇದೆಯಾ? ನಾಲ್ಕು ಜನಕ್ಕೆ ತೋರಿಸಬಹುದಾ?

ಮೂಲ ಚಿತ್ರಕ್ಕೆ ಅಮೆರಿಕದಲ್ಲಿ ಈಗ ಕಾಪಿರೈಟ್ ಇಲ್ಲ. ಭಾರತದಲ್ಲಿ ಸಿನಿಮಾಗೆ ಬಿಡುಗಡೆಯಾದ ಮೇಲೆ 60 ವರ್ಷ ಅಷ್ಟೇ, ಅದೂ ಎಂದೋ ಮುಗಿದಿದೆ. ಆದರೆ ಹೊಸದಾಗಿ ಸೇರಿಸಿದ ಸಂಗೀತ ಬೇರೆ ಲೆಕ್ಕ. ಫಿಲ್ಮ್ ಸೊಸೈಟಿಯಲ್ಲಿ ಹಾಕುವುದಾದರೆ ಡಿಸ್ಕ್ ಹೊರತಂದವರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಮಕ್ಕಳ ಜೊತೆ ನೋಡಬಹುದಾ?

ಹೈಸ್ಕೂಲು ಮಕ್ಕಳ ಜೊತೆ ಧಾರಾಳವಾಗಿ. ಚಿಕ್ಕವರಿಗೆ ಬೋರ್ ಆಗುತ್ತದೆ.

ಆಮೇಲೆ ವೆಬರ್‌ಗೆ ಏನಾಯಿತು?

1917ರಲ್ಲಿ ಸ್ವಂತ ಸ್ಟುಡಿಯೋ ಮಾಡಿದರು. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. 1920ರ ದಶಕ ಶುರುವಾದ ಮೇಲೆ ಜನರ ರುಚಿ ಬದಲಾಯಿತು. ಯುದ್ಧ ಮುಗಿದಿತ್ತು, ಜನಕ್ಕೆ ಜಾಝ್, ಪಾರ್ಟಿ, ಮೋಜು ಬೇಕಿತ್ತು. ನೀತಿ ಪಾಠ ಬೇಕಿರಲಿಲ್ಲ. 1922ರಲ್ಲಿ ಸ್ಮಾಲಿ ಜೊತೆಗಿನ ಮದುವೆಯೂ ಮುರಿಯಿತು. ನಡುನಡುವೆ ಚಿತ್ರ ಮಾಡಿದರು, ಆದರೆ ಮೊದಲಿನ ಸ್ಥಾನ ಸಿಗಲಿಲ್ಲ. ಕೊನೆಯ ಚಿತ್ರ 1934ರ ‘ವೈಟ್ ಹೀಟ್’. 1939ರ ನವೆಂಬರ್‌ನಲ್ಲಿ ತೀರಿಕೊಂಡರು. ಕೈಯಲ್ಲಿ ದುಡ್ಡಿರಲಿಲ್ಲ. ಅಂತ್ಯಕ್ರಿಯೆಯ ಖರ್ಚನ್ನು ಹಳೇ ಶಿಷ್ಯೆ, ಆ ಹೊತ್ತಿಗೆ ದೊಡ್ಡ ಚಿತ್ರಕಥೆಗಾರ್ತಿಯಾಗಿದ್ದ ಫ್ರಾನ್ಸಿಸ್ ಮೇರಿಯನ್ ಭರಿಸಿದರು ಅಂತ ಹೇಳುತ್ತಾರೆ.

ಇದು ಇಷ್ಟವಾದರೆ ಮುಂದೆ ಏನು ನೋಡಲಿ?

ಮೊದಲು ‘ಸಸ್ಪೆನ್ಸ್’, 1913ರದ್ದು. ಹತ್ತು ನಿಮಿಷದ ಚಿತ್ರ. ಮನೆಯಲ್ಲಿ ಮಗುವಿನ ಜೊತೆ ಒಬ್ಬಳೇ ಇರುವ ಹೆಂಗಸು, ಒಳಗೆ ನುಗ್ಗುವ ಕಳ್ಳ, ದೂರದಿಂದ ಧಾವಿಸುವ ಗಂಡ. ತೆರೆಯನ್ನು ತ್ರಿಕೋನಗಳಾಗಿ ಭಾಗ ಮಾಡಿ ಮೂವರನ್ನೂ ಒಂದೇ ಸಲ ತೋರಿಸುತ್ತಾರೆ. ಆ ಹೆಂಗಸಿನ ಪಾತ್ರದಲ್ಲಿರುವುದು ವೆಬರ್ ಅವರೇ.

ಆಮೇಲೆ ‘ದಿ ಬ್ಲಾಟ್’, 1921. ಸಂಬಳ ಸಾಲದೆ ಒದ್ದಾಡುವ ಒಬ್ಬ ಕಾಲೇಜು ಪ್ರೊಫೆಸರ್ ಮನೆಯ ಕಥೆ. ಪಕ್ಕದ ಮನೆಯವನು ಚೆನ್ನಾಗಿ ಸಂಪಾದಿಸುತ್ತಾನೆ, ಅಡುಗೆ ಮನೆಯಲ್ಲಿ ಕೋಳಿ ಬೇಯುತ್ತಿರುತ್ತದೆ. ಪ್ರೊಫೆಸರ್ ಹೆಂಡತಿ ಬೇಲಿ ಈಚೆಯಿಂದ ಅದನ್ನೇ ನೋಡುತ್ತಾಳೆ. ಆ ಪಕ್ಕದ ಮನೆಯವನ ಕಸುಬು ಏನು ಗೊತ್ತಾ? ಬೂಟಿನ ವ್ಯಾಪಾರ.